ಹರಿಗೋಲಿಗೆ ಹಾಕಿದ ಮುಯ್ಯಿ

ಯಾರೋ ಅದು ಗ್ರೂಪಲ್ಲಿ "ಮುದ್ದಪ್ಪಜ್ಜಂಗೆ ಅರಳುಮರಳು, ಎಲ್ಲಾ ಕಲಸಿ ಹೇಳ್ತಾರೆ" ಅಂತ ಹಾಕಿರೋನು? ಹೆಸರಿರೋ ಜಾಗದಲ್ಲಿ ಗುಲಾಬಿ ಹೂವು ಇಟ್ಕೊಂಡಿದೀಯಲ್ಲ, ನೀನೇ. ನಿಮ್ಮಪ್ಪ ಯಾರು ಅಂತ ಗೊತ್ತು ನಂಗೆ. ಟಾಕೀಸಲ್ಲಿ ನಾನು ಆಪರೇಟರ್ ಆಗಿದ್ದಾಗ ಗೋಡೆ ಹಾರಿ ಒಳಗೆ ಬರ್ತಿದ್ದ, ಯಾವ ಸಿನಿಮಾಕ್ಕೆ ಯಾವ ಕಡೆ ಗೋಡೆ ಹಾರಿದ ಅಂತ ಬೇಕಾದ್ರೂ ಹೇಳ್ತೀನಿ. ಇನ್ನೊಬ್ಬ ಬುದ್ಧಿವಂತ ಬರ್ದಿದಾನೆ, ಊರಿನ ವಿಡಿಯೋಗಳನ್ನ ಉಳಿಸಿದ್ದು ಬಿಳಿ ಪೆಟ್ಟಿಗೆ ಕಂಪನಿಯವರಂತೆ! ಓದಿ ಮೈಯೆಲ್ಲ ಉರೀತು. ಅವತ್ತು ಛತ್ರದಲ್ಲಿ ಊಟಕ್ಕೆ ಏನೇನಿತ್ತು ಕೇಳಿ ನನ್ನ. ಹೆಸರುಬೇಳೆ ಪಾಯಸ, ಬೀನ್ಸ್ ಪಲ್ಯ, ಹುಳಿ, ಚಿತ್ರಾನ್ನ. ಪಲ್ಯಕ್ಕೆ ಉಪ್ಪು ಕಮ್ಮಿ. ಇಷ್ಟು ನೆನಪಿರೋ ಮನುಷ್ಯಂಗೆ ಉಳಿದಿದ್ದು ಮರ್ತೋಗುತ್ತಾ? ಬೆರಳಲ್ಲಿ ಟೈಪ್ ಮಾಡೋಕೆ ನಂಗೆ ಬರಲ್ಲ. ಮೈಕ್ ಬಟನ್ನು ಒತ್ಕೊಂಡು ಹೇಳ್ತೀನಿ, ಎಷ್ಟು ನೋಟ್ ಆದ್ರೂ ಆಗ್ಲಿ, ಪೂರ್ತಿ ಕೇಳ್ರಪ್ಪ. ಆ ಎರಡು ಪಟ್ಟು ಸ್ಪೀಡಲ್ಲಿ ಕೇಳೋ ಬಟನ್ನು ಒತ್ತಬೇಡಿ, ಅದರಲ್ಲಿ ನನ್ನ ಧ್ವನಿ ಕೋಳಿ ಥರ ಬರುತ್ತೆ.

ನಮ್ಮೂರಲ್ಲಿ ವಿಡಿಯೋ ಒಳಗಿರೋರು ತಿರುಗ್ತಾರೆ. ಊರು ಬಿಟ್ಟು ಹೋಗಿರೋ ನಿಮಗೆ ಮರ್ತಿರಬಹುದು ಅಂತ ಹೇಳ್ತಿದೀನಿ. ತೆಗೆದ ಮೂರನೇ ವರ್ಷಕ್ಕೆ ಮುಖ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಐದಕ್ಕೆ ಒಂದು ಕಿವಿ ಕಾಣುತ್ತೆ, ಆರು ದಾಟಿದ್ರೆ ಬೆನ್ನು. ಸರಿಯಾಗಿ ಏಳು ವರ್ಷ ತುಂಬಿದ ಗಳಿಗೆಗೆ ಎದ್ದು ನಡ್ಕೊಂಡು ಹೊರಗೆ ಹೋಗಿಬಿಡ್ತಾರೆ, ಆಮೇಲೆ ಖಾಲಿ ಕುರ್ಚಿ, ಖಾಲಿ ಅಂಗಳ. ಕಾಪಿ ಮಾಡಿಟ್ಕೊಂಡ್ರೆ ಕಾಪಿ ಒಳಗಿರೋರೂ ತಿರುಗ್ತಾರೆ. ಏಳು ತುಂಬೋದ್ರೊಳಗೆ ಹೊಸ ರೂಪಕ್ಕೆ, ಫಾರ್ಮ್ಯಾಟ್ ಅಂತಾರಲ್ಲ ಅದಕ್ಕೆ, ಬದಲಾಯಿಸಬೇಕು, ಆಗ ಮಾತ್ರ ಮತ್ತೆ ಈ ಕಡೆ ಮುಖ. ಒಂದು ಸಲ ಹಾಕಿದ ರೂಪಾನ ವಿಡಿಯೋಗಳು ಎರಡನೇ ಸಲ ಒಪ್ಪಲ್ಲ. ಯಾಕೆ ಅಂತ ನನ್ನ ಕೇಳಬೇಡಿ. ನಮ್ಮಜ್ಜಿ ಕಾಲಕ್ಕೆ ವಿಡಿಯೋನೇ ಇರಲಿಲ್ಲ, ಯಾರನ್ನ ಕೇಳೋಣ?

ಊರು ಅದಕ್ಕೆ ಒಗ್ಗಿಕೊಂಡಿತ್ತು. ಯಾರಾದ್ರೂ ಸಿಟ್ಟು ಮಾಡ್ಕೊಂಡು ಓರೆ ಕೂತ್ರೆ "ಏನಮ್ಮ, ಐದನೇ ವರ್ಷದ ವಿಡಿಯೋ ಥರ ಕೂತಿದೀಯ" ಅಂತಿದ್ವಿ. ಶಿವನಂಜ ಇದ್ದಾನಲ್ಲ, ಸೋಮಾರಿ, ಮದುವೆ ವಿಡಿಯೋ ಬದಲಾಯಿಸೋದನ್ನ ಇವತ್ತು ನಾಳೆ ಅಂತ ತಳ್ತಾ ಹೋಗಿ, ಆರು ಮುಕ್ಕಾಲು ವರ್ಷಕ್ಕೆ ಎಚ್ಚರ ಆದ. ತೆಗೆದು ನೋಡಿದ್ರೆ ಮಂಟಪದಲ್ಲಿ ಎಲ್ಲಾ ಬೆನ್ನುಗಳೇ. ಪುರೋಹಿತರು ಗೋಡೆಗೆ ಮಂತ್ರ ಹೇಳ್ತಿದಾರೆ. ಆದ್ರೂ ಗಂಡ ಹೆಂಡ್ತಿ ಇಬ್ಬರೂ ಕೂತ್ಕೊಂಡು "ಇದು ನಮ್ಮ ಸೋದರತ್ತೆ ಕತ್ತು", "ಆ ಬಕ್ಕ ನೆತ್ತಿ ನಿಮ್ಮ ಭಾವಂದು" ಅಂತ ಗುರುತು ಹಿಡೀತಿದ್ರು.

ಈಗ ವನಮಾಲನ ವಿಷಯಕ್ಕೆ ಬರ್ತೀನಿ. ಬಸ್ ಸ್ಟ್ಯಾಂಡ್ ಹಿಂದೆ ಅವಳದ್ದು ವಿಡಿಯೋ ಮಿಕ್ಸಿಂಗ್ ಅಂಗಡಿ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಾ ಅವಳೇ ಶೂಟಿಂಗು, ಅವಳೇ ಮಿಕ್ಸಿಂಗು. ಬೋರ್ಡ್ ಮೇಲೆ "ಬೆನ್ನು ಕಾಣುವ ಮುನ್ನ ಬನ್ನಿ" ಅಂತ ಬರೆಸಿದ್ಲು. ಒರಟು ಹೆಂಗಸು, ಬಾಯಿ ಜೋರು. ಬಾಯಿ ಜೋರಾಗಿದ್ದಕ್ಕೂ ಕಾರಣ ಇದೆ, ಅವಳ ತಾಯಿ ಸಿದ್ದಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸ್ತಿರಲಿಲ್ಲ, ಮಾತು ಬರ್ತಿರಲಿಲ್ಲ. ಮನೆಗೆ ಬೇಕಾದ ಮಾತೆಲ್ಲ ಮಗಳೇ ಆಡಬೇಕಿತ್ತು. ಸಿದ್ದಮ್ಮ ಅದೇ ಅಂಗಡೀಲಿ ಒಂದು ಮೂಲೇಲಿ ಹೊಲಿಗೆ ಮೆಷಿನ್ ಇಟ್ಕೊಂಡು ರವಿಕೆ ಹೊಲೀತಿದ್ಲು. ಅವಳನ್ನ ಕರೀಬೇಕು ಅಂದ್ರೆ ವನಮಾಲ ಟ್ಯೂಬ್‌ಲೈಟ್ ಸ್ವಿಚ್ಚನ್ನ ಎರಡು ಸಲ ಟಕ್ ಟಕ್ ಅಂತ ಆರಿಸಿ ಹಾಕ್ತಿದ್ಲು. ಬೆಳಕು ಮಿಟುಕಿದ್ರೆ ಸಾಕು, ತಾಯಿ ತಲೆ ಎತ್ತಿ ನೋಡೋಳು.

ಸಿದ್ದಮ್ಮನ ಮಾತೆಲ್ಲ ಕೈಯಲ್ಲಿ. ಯಾವ ಶಾಲೇಲೂ ಕಲ್ತದ್ದಲ್ಲ, ತಾಯಿ ಮಗಳು ಸೇರಿ ಕಟ್ಕೊಂಡಿದ್ದು. ಊರಲ್ಲಿ ಪ್ರತಿಯೊಬ್ಬರಿಗೂ ಅವಳ ಕೈಯಲ್ಲಿ ಒಂದೊಂದು ಹೆಸರಿತ್ತು. ತೀರಿಕೊಳ್ಳೋಕೆ ಒಂದು ತಿಂಗಳು ಮುಂಚೆ, ಒಂದು ಕಾರ್ತಿಕ ಸೋಮವಾರ, ಹೊಲಿಗೆ ಮೆಷಿನ್ ಹತ್ರಾನೇ ಮಗಳ ಕ್ಯಾಮೆರಾ ಮುಂದೆ ಕೂತು ಆ ಹೆಸರುಗಳನ್ನ ಒಂದೊಂದಾಗಿ ಹೇಳಿದ್ಲು. ಹದಿನಾಲ್ಕು ನಿಮಿಷ. ಆ ಭಾಷೆ ಮಾತಾಡೋರು ಭೂಮಿ ಮೇಲೆ ಇಬ್ಬರೇ ಇದ್ದಿದ್ದು, ಒಬ್ಬರು ಹೋದ್ರು. ಉಳಿದಿದ್ದು ವನಮಾಲ, ಮತ್ತೆ ಆ ಹದಿನಾಲ್ಕು ನಿಮಿಷ. ಬೇರೆಯವರ ವಿಡಿಯೋದಲ್ಲಿ ಬೆನ್ನು ತಿರುಗಿದ್ರೂ ಮಾತಾದ್ರೂ ಕೇಳಿಸುತ್ತೆ. ಸಿದ್ದಮ್ಮ ಬೆನ್ನು ತಿರುಗಿಸಿದ್ರೆ ಕೈ ಕಾಣಲ್ಲ. ಕೈ ಕಾಣದಿದ್ರೆ ಅವಳು ಎರಡನೇ ಸಲ ಸತ್ತ ಹಾಗೆ. ಇದು ವನಮಾಲನೇ ನಂಗೆ ಹೇಳಿದ ಮಾತು. ಆ ವಿಡಿಯೋಗೆ ಏಳು ತುಂಬೋ ವರ್ಷದ ಕಥೆ ನಾನು ಹೇಳ್ತಿರೋದು.

ಅಲ್ಲಿವರೆಗೆ ಊರಿನ ವಿಡಿಯೋಗಳನ್ನೆಲ್ಲ ಒಂದು ರೂಪದಿಂದ ಇನ್ನೊಂದಕ್ಕೆ ದಾಟಿಸ್ತಿದ್ದಿದ್ದು ಹರಿಗೋಲು. ಹರಿಗೋಲು ಅಂದ್ರೆ ಹೊಳೇಲಿರೋದಲ್ಲ, ಕಂಪ್ಯೂಟರಲ್ಲಿರೋ ಪ್ರೋಗ್ರಾಮು. ಲಾಜರಸ್ ಮೇಷ್ಟ್ರು ಬರ್ದಿದ್ದು. ಹೈಸ್ಕೂಲಲ್ಲಿ ಲೆಕ್ಕ ಹೇಳ್ಕೊಡ್ತಿದ್ರು, ಸಂಜೆ ಕೂತು ಇದನ್ನ ಬರ್ದು, ಯಾರು ಬೇಕಾದ್ರೂ ಬಳಸ್ಕೊಳ್ಳಿ, ಒಳಗೆ ಹೋಗಿ ನೋಡಿ, ಬೇಕಾದ ಹಾಗೆ ತಿದ್ಕೊಳ್ಳಿ ಅಂತ ಬಿಟ್ಟಿ ಬಿಟ್ಟಿದ್ರು. ಓಪನ್ ಸೋರ್ಸ್ ಅಂತಾರಲ್ಲ, ಅದು. ಕೆಲಸ ಮುಗಿದ ತಕ್ಷಣ ಟಿಣ್ ಅಂತ ಸಣ್ಣ ಗಂಟೆ ಹೊಡೀತಿತ್ತು. ಆ ಗಂಟೆ ಕೇಳಿದ್ದೇ ತಡ, ಒಳಗಿರೋರೆಲ್ಲ ಯಾರೋ ಕರೆದ್ರು ಅನ್ನೋ ಹಾಗೆ ಈ ಕಡೆ ತಿರುಗ್ತಿದ್ರು. ಮದುಮಕ್ಕಳು, ಪುರೋಹಿತರು, ಕಂಬಕ್ಕೆ ಕಟ್ಟಿದ ಆಡು ಸಮೇತ.

ಊರು ಅದಕ್ಕೆ ಏನು ಮಾಡ್ತು? ಬೈತು. "ಮೇಷ್ಟ್ರೇ, ನಿಮ್ಮ ಹರಿಗೋಲು ಸ್ಲೋ." "ಮೇಷ್ಟ್ರೇ, ನಮ್ಮ ಸೊಸೆ ಸೀರೆ ಬಣ್ಣ ಮಂಕಾಗಿ ಬಂದಿದೆ." ಊಟಕ್ಕೆ ಕೂತಾಗ ಫೋನು. ಅವರ ಹೆಂಡ್ತಿ ಆಸ್ಪತ್ರೇಲಿದ್ದಾಗ ಒಬ್ಬ ಅಲ್ಲಿಗೇ ಲ್ಯಾಪ್‌ಟಾಪ್ ತಗೊಂಡು ಹೋಗಿ "ಒಂದು ಚೂರು ನೋಡಿ" ಅಂದನಂತೆ. ಆ ಹೆಂಗಸು ಉಳೀಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮೇಷ್ಟ್ರು ಕಂಪ್ಯೂಟರಿಗೆ ಒಂದು ಟವೆಲ್ ಹೊದಿಸಿದ್ರು. ಕೆಲಸಕ್ಕೂ ರಾಜೀನಾಮೆ ಕೊಟ್ರು, ಮನೆ ಮುಂದೆ ಮಿಕ್ಸಿ ರಿಪೇರಿ ಶುರು ಮಾಡಿದ್ರು. "ಮಿಕ್ಸಿ ಕೆಟ್ಟಿದ್ರೆ ಕಾಸು ಕೊಟ್ಟು, ನಮಸ್ಕಾರ ಹೇಳಿ ಹೋಗ್ತಾರೆ ಕಣಯ್ಯ ಮುದ್ದಪ್ಪ," ಅಂದ್ರು ನಂಗೆ. ಆರು ವರ್ಷ ಹರಿಗೋಲು ಹಾಗೇ ಬಿದ್ದಿತ್ತು. ಅಷ್ಟರಲ್ಲಿ ಹೊಸ ಫೋನುಗಳು ಬಂದ್ವು, ಹೊಸ ರೂಪಗಳು ಬಂದ್ವು. ಹರಿಗೋಲಿಗೆ ಗೊತ್ತಿದ್ದ ಹಳೇ ರೂಪಗಳನ್ನ ವಿಡಿಯೋಗಳು ಒಪ್ಪಲಿಲ್ಲ, ಹೊಸದು ಬಾಯಿಗಿಟ್ರೆ ಹರಿಗೋಲು ಉಗೀತಿತ್ತು.

ಆಗಲೇ ನೋಡಿ ಬಿಳಿ ಪೆಟ್ಟಿಗೆ ಬಂದಿದ್ದು. ಯಾವುದೋ ದೊಡ್ಡ ಊರಿನ ಕಂಪನಿ, ಅವರದ್ದೂ ವಿಡಿಯೋ ರೂಪ ಬದಲಾಯಿಸಿ ಇಟ್ಕೊಡೋ ಕೆಲಸ. ಟಾಕೀಸಿದ್ದ ಜಾಗದಲ್ಲೇ ಎ.ಸಿ. ಹಾಕ್ಸಿ ಕೂತ್ರು. ಮೊದಲನೇ ವರ್ಷ ಫ್ರೀ, ಆಮೇಲೆ ವರ್ಷ ವರ್ಷ ಕಟ್ಟಬೇಕು, ಕಟ್ಟದಿದ್ರೆ ನಿಮ್ಮ ಮದುವೆಗೆ ಅವರ ಬೀಗ. ಜನ ಬೆನ್ನು ನೋಡೋ ಭಯಕ್ಕೆ ಸಾಲು ನಿಂತ್ರು. ವನಮಾಲನೂ ಹೋದ್ಲು. ಬುದ್ಧಿವಂತೆ, ಮೊದಲು ತಾಯಿ ವಿಡಿಯೋ ಕೊಡಲಿಲ್ಲ, ಯಾರದ್ದೋ ಸೀಮಂತದ್ದು ಕೊಟ್ಟು ನೋಡಿದ್ಲು. ಮುಖಗಳು ಗಾಜಿನ ಥರ ಬಂದಿದ್ವು. ಬಳೆ ತೊಡಿಸ್ತಿದ್ದ ಕೈಗಳು ಮಾತ್ರ ರವೆ ಗಂಜಿ. ಬೆರಳು ಯಾವುದು ಬಳೆ ಯಾವುದು ಗೊತ್ತಾಗಲ್ಲ.

"ಇದೇನ್ ಸಾರ್?" ಅಂದ್ಲು ಮ್ಯಾನೇಜರ್‌ಗೆ.

"ಜಾಗ ಉಳಿಸೋಕೆ ಮೇಡಂ. ನಮ್ಮ ಪೆಟ್ಟಿಗೆ ಮುಖಕ್ಕೆ ಗ್ಯಾರಂಟಿ. ಜನ ಮುಖ ತಾನೇ ನೋಡೋದು?"

"ನಮ್ಮಮ್ಮನ ಬಾಯಿ ಕೈಯಲ್ಲಿದೆ. ಒಳಗೆ ಒಂಚೂರು ಬದಲಾಯಿಸಿ, ಕೈಗೂ ಗ್ಯಾರಂಟಿ ಕೊಡಿ."

"ಒಳಗಡೆ ಏನಿದೆ ಅಂತ ನಮಗೇ ತೋರಿಸಲ್ಲ ಮೇಡಂ," ಅಂದ ಅವನು. ಪಾಪ, ನಿಜಾನೇ ಹೇಳಿದ.

ಅಲ್ಲಿಂದ ಸೀದಾ ಮೇಷ್ಟ್ರ ಮನೆಗೆ ಹೋದ್ಲು, ನನ್ನನ್ನೂ ಎಳ್ಕೊಂಡು. ಮೇಷ್ಟ್ರು ಯಾರದ್ದೋ ಮಿಕ್ಸಿ ಜಾರಿನ ಬ್ಲೇಡು ಬಿಚ್ಚುತಾ ಕೂತಿದ್ರು. ತಲೇನೂ ಎತ್ತಲಿಲ್ಲ. "ಹರಿಗೋಲಿನ ವಿಷಯ ಆದ್ರೆ ಬಾಗಿಲು ಆ ಕಡೆ ಇದೆ."

"ನಮ್ಮಮ್ಮ ನಿಮಗೆ ಥ್ಯಾಂಕ್ಸ್ ಹೇಳಿದಾಳೆ ಮೇಷ್ಟ್ರೇ," ಅಂದ್ಲು ವನಮಾಲ. "ನಮ್ಮಪ್ಪಂದು ಇದ್ದಿದ್ದು ಒಂದೇ ಒಂದು ವಿಡಿಯೋ. ಅವರು ಹೋದ ಮೇಲೆ ನಿಮ್ಮ ಹರಿಗೋಲೇ ಅವರ ಮುಖ ಈ ಕಡೆ ತಿರುಗಿಸಿದ್ದು. ಅದಕ್ಕೆ ಅಮ್ಮ ತನ್ನ ವಿಡಿಯೋದ ಕೊನೇಲಿ ನಿಮ್ಮ ಹೆಸರು ಹೇಳಿ ಥ್ಯಾಂಕ್ಸ್ ಹೇಳಿದಾಳೆ."

ಮೇಷ್ಟ್ರ ಕೈ ನಿಂತ್ಹೋಯ್ತು. "ತೋರ್ಸು."

ಫೋನಲ್ಲಿ ತೋರಿಸಿದ್ಲು. ಆರೂವರೆ ವರ್ಷ ಆಗಿತ್ತಲ್ಲ, ಸಿದ್ದಮ್ಮ ಆಗಲೇ ಬೆನ್ನು ತಿರುಗಿಸಿದ್ಲು. ಜಡೆ, ರವಿಕೆ, ಒಂದು ಕಿವಿಯ ಓಲೆ. ಆ ಕಡೆ ಏನೋ ಹೇಳ್ತಿದ್ಲು, ಇಲ್ಲಿಗೆ ಕಾಣ್ತಿದ್ದಿದ್ದು ಮೊಣಕೈ ಅಲ್ಲಾಡೋದು ಅಷ್ಟೇ. ಮೇಷ್ಟ್ರು ಕನ್ನಡಕ ಹಾಕ್ಕೊಂಡು ಆ ಮೊಣಕೈಗಳನ್ನ ಎರಡು ಸಲ ನೋಡಿದ್ರು.

"ಮೊಣಕೈ ಕಾಣ್ತಿದೆಯಮ್ಮ," ಅಂದ್ರು ಮೆತ್ತಗೆ. "ನೋಡು, ಸುಳ್ಳು ಹೇಳಲ್ಲ ನಿಂಗೆ. ಹೊಸ ರೂಪ ಕಲಿಸಬೇಕು ಅಂದ್ರೆ ನಾಲ್ಕು ತಿಂಗಳು ಬೇರೆ ಏನೂ ಮಾಡಬಾರದು. ಇನ್ನೊಬ್ಬರು ಜೊತೆಗೆ ಬೇಕು, ನನ್ನ ವಿದ್ಯೆ ಹಳೇದಾಗಿದೆ. ಮಿಕ್ಸಿ ಬಿಟ್ರೆ ನಾನು ತಿನ್ನೋದೇನು? ಚಂದಾ ಎತ್ತಿ ತಂದು ಕೊಡ್ತೀನಿ ಅನ್ನಬೇಡ. ಬೈದೋರ ಹತ್ರ ಭಿಕ್ಷೆ ತಗೊಳ್ಳೋ ಗತಿ ಬಂದಿಲ್ಲ ನಂಗೆ."

ಅವರು ಬೇಡ ಅಂದ್ರೂ ವನಮಾಲ ಅಂಗಡಿ ಮುಂದೆ ಒಂದು ಡಬ್ಬ ಇಟ್ಟೇ ಇಟ್ಲು. ಮೊದಲು ಬಂದೋನು ಬೇಕರಿ ಸದಾನಂದ. ಕೈಯಲ್ಲಿ ನೋಟಿನ ಕಂತೆ. "ಕೊಡ್ತೀನಿ ಕಣಮ್ಮ, ಆದ್ರೆ ಹರಿಗೋಲಲ್ಲಿ ದಾಟಿದ ಪ್ರತಿ ವಿಡಿಯೋದ ಮೂಲೇಲೂ 'ಸದಾನಂದ ಬೇಕರಿಯವರ ಸೇವಾರ್ಥ' ಅಂತ ಬರಬೇಕು." ನಮ್ಮೂರ ಚಟ ಗೊತ್ತಲ್ಲ ನಿಮಗೆ. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ರೆ ಅದರ ಮೇಲೆ ಈ ತುದಿಯಿಂದ ಆ ತುದಿಗೆ ದಾನಿಯ ಹೆಸರು, ಬೆಳಕು ಬರೋಕೆ ಜಾಗ ಇರಲ್ಲ. ಸದಾನಂದನ ಹಿಂದೆ ಇನ್ನೊಬ್ಬ, ಅವನಿಗೆ ಮೇಲಿನ ಮೂಲೆ. ಇನ್ನೊಬ್ಬಳಿಗೆ ಮಧ್ಯದಲ್ಲೇ, ಯಜಮಾನರ ಫೋಟೋ ಸಮೇತ. ಒಂದು ವಾರದಲ್ಲಿ ನಾಲ್ಕು ಮೂಲೇನೂ ಮಾರಾಟಕ್ಕೆ ಬಂತು. ವನಮಾಲ ಡಬ್ಬ ಎತ್ತಿ ಒಳಗಿಟ್ಲು. "ನಮ್ಮಮ್ಮನ ಕೈ ಮೇಲೆ ಬನ್ನಿನ ಜಾಹೀರಾತಾ?" ಅಂತ ಬೈದ್ಲು, ಬೀದಿಗೆಲ್ಲ ಕೇಳಿಸ್ತು.

ಅದಾದ ಎರಡು ದಿನಕ್ಕೆ ಒಂದು ಹಳೇ ಮದುವೆ ಮಿಕ್ಸಿಂಗ್ ಮಾಡ್ತಿದ್ಲು. ನಾನು ಪಕ್ಕದಲ್ಲಿ ಟೀ ಕುಡೀತಾ ಕೂತಿದ್ದೆ. ಪರದೆ ಮೇಲೂ ನಾನೇ! ಮುಯ್ಯಿ ಓದ್ತಿದೀನಿ. ಮದುವೇಲಿ ಮುಯ್ಯಿ ಹಾಕಿದೋರ ಹೆಸರನ್ನ ಮೈಕಲ್ಲಿ ಕೂಗೋದು ಮೂವತ್ತು ವರ್ಷದಿಂದ ನನ್ನದೇ ಕೆಲಸ ತಾನೇ. ವನಮಾಲ ಪರದೇನ ಅಲ್ಲೇ ನಿಲ್ಲಿಸಿದ್ಲು. "ಮಾಮ, ಇವರು ನಿಮ್ಮ ಮನೆ ಮದುವೆಗೆ ಮುಯ್ಯಿ ಹಾಕಿದ್ರು, ನೀವು ಅವರ ಮನೇದಕ್ಕೆ ಹಾಕದಿದ್ರೆ ಏನಾಗುತ್ತೆ?"

"ಏನಾಗುತ್ತೆ? ಊರಲ್ಲಿ ತಲೆ ಎತ್ತಿ ತಿರುಗೋಕಾಗಲ್ಲ."

"ಭಿಕ್ಷೆ ಅಂತಾರಾ ಅದನ್ನ?"

"ಯಾವಳೇ ನೀನು! ಮುಯ್ಯಿ ಹೇಗೆ ಭಿಕ್ಷೆ ಆಗುತ್ತೆ? ಅವರು ಬಂದಿದ್ರು, ನಾವು ಹೋಗ್ಬೇಕು, ಅಷ್ಟೇ."

"ಈ ಊರಲ್ಲಿ ಹರಿಗೋಲು ಹೋಗದೇ ಇರೋ ಮದುವೆ ಯಾವುದಿದೆ ಮಾಮ?" ಅಂದ್ಲು.

ಅವಳು ಕೇಳಿದ್ದಕ್ಕೆ ನನ್ನ ಕೈಲಿದ್ದ ಟೀ ಆರಿಹೋಯ್ತು. ಇಪ್ಪತ್ತು ವರ್ಷ ಪ್ರತಿಯೊಬ್ಬರ ಶುಭಕಾರ್ಯಕ್ಕೂ ಬಂದು, ಕೈಲಾದ್ದು ಹಾಕಿ, ಒಂದು ಲೋಟ ನೀರೂ ಕುಡೀದೇ ಹೋದ ನೆಂಟ ಅದು. ಅದರ ಮನೇಲಿ ಇವತ್ತಿನವರೆಗೂ ಒಂದು ಕಾರ್ಯ ಆಗಿಲ್ಲ.

ಆಹ್ವಾನ ಪತ್ರಿಕೆ ಹೊಡೆಸಿದ್ವಿ. ಅರಿಶಿನ ಮೂಲೆ, ಕೆಂಪು ಅಕ್ಷರ. "ನಿಮ್ಮ ಮನೆಯ ಶುಭಕಾರ್ಯಕ್ಕೆ ಬಂದಿದ್ದ ಹರಿಗೋಲಿನ ಮನೆಯಲ್ಲಿ ಈಗ ಶುಭಕಾರ್ಯ. ಸಕುಟುಂಬ ಸಮೇತ ಬಂದು ನಡೆಸಿಕೊಡಬೇಕು." ಕೆಂಪಣ್ಣನ ಛತ್ರ ಆಷಾಢದಲ್ಲಿ ಖಾಲಿ ಹೊಡೀತಿತ್ತು, ಬಾಡಿಗೆ ಇಲ್ಲದೆ ಕೊಟ್ಟ. "ಆಷಾಢದಲ್ಲಿ ಶುಭಕಾರ್ಯಾನಾ?" ಅಂತ ಒಂದಿಬ್ಬರು ಮುದುಕಿಯರು ಗಲಾಟೆ ಮಾಡಿದ್ರು. "ಹರಿಗೋಲಿಗೆ ಅತ್ತೆ ಇಲ್ಲ, ಆಷಾಢಾನೂ ಇಲ್ಲ" ಅಂದೆ, ಪತ್ರಿಕೆ ಈಸ್ಕೊಂಡ್ರು. ಕಷ್ಟ ಆಗಿದ್ದು ಮೇಷ್ಟ್ರನ್ನ ಕರ್ಕೊಂಡು ಬರೋದು. "ಯಾರೂ ಬರಲ್ಲ, ಇನ್ನೊಂದು ಸಲ ಅವಮಾನ ಆಗೋಕೆ ನಾನ್ಯಾಕೆ ಬರಲಿ" ಅಂತ ಹಠ. ಕೊನೆಗೆ ವನಮಾಲ "ಮನೆ ಹಿರಿಯರು ಬಾಗಿಲಲ್ಲಿ ನಿಲ್ಲದಿದ್ರೆ ಬಂದೋರಿಗೆ ಪನ್ನೀರು ಹಾಕೋರ್ಯಾರು?" ಅಂದ್ಲು. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಬಂದು ಬಾಗಿಲಲ್ಲಿ ನಿಂತ್ರು, ನೇಣಿಗೆ ನಿಂತೋರ ಥರ ಮುಖ ಮಾಡ್ಕೊಂಡು.

ಹತ್ತು ಗಂಟೆ ಆಯ್ತು, ಯಾರೂ ಇಲ್ಲ. ಹತ್ತೂವರೆ, ನಾಯಿ ಒಂದು ಬಂತು. ಅಡಿಗೆಯವನು ಬಂದು "ಅಕ್ಕಿ ಎಷ್ಟು ಹಾಕ್ಲಿ?" ಅಂತ ಕೇಳ್ದ. ವನಮಾಲ ನನ್ನ ಮುಖ ನೋಡಿದ್ಲು, ನಾನು ಛಾವಣಿ ನೋಡ್ದೆ. "ಪೂರ್ತಿ ಹಾಕಯ್ಯ" ಅಂದ್ಲು. ಹನ್ನೊಂದು ಹೊಡೆದಾಗ ಮೊದಲನೆಯವನಾಗಿ ಬಂದೋನು ಶಿವನಂಜ. ಅವನ ಹಿಂದೆ ಹೆಂಡ್ತಿ, ಅತ್ತೆ, ಭಾವ. ಆಮೇಲೆ ನೋಡ್ರಪ್ಪ, ಬೀದಿ ತುಂಬ ಜನ, ರೇಷ್ಮೆ ಸೀರೆ ಉಟ್ಕೊಂಡು, ಮಲ್ಲಿಗೆ ಮುಡ್ಕೊಂಡು. ಪತ್ರಿಕೆ ಮನೆ ಬಾಗಿಲಿಗೆ ಬಂದ ಮೇಲೆ ಹೋಗದೇ ಇರೋಕೆ ನಮ್ಮೂರೋರಿಗೆ ಬರಲ್ಲ ಕಣ್ರೋ.

ಆದ್ರೆ ನಮ್ಮೂರೋರು ನಮ್ಮೂರೋರೇ ತಾನೇ. ಮದುವೆ ಪತ್ರಿಕೆ ಥರ ಇತ್ತಲ್ಲ, ಎಲ್ಲರ ಕೈಯಲ್ಲೂ ಬಣ್ಣದ ಕಾಗದ ಸುತ್ತಿದ ಪೊಟ್ಟಣ. ಬಿಚ್ಚಿದ್ರೆ ಏನು? ಗೋಡೆ ಗಡಿಯಾರ! ಒಂದಾದ ಮೇಲೆ ಒಂದು. ನವಿಲಿಂದು, ಹೃದಯದ ಆಕಾರದ್ದು, ಹಡಗಿಂದು. ಮೂವತ್ತೊಂದು ಗಡಿಯಾರ, ನಾನೇ ಎಣಿಸಿದೀನಿ. ನಾನು ಮೈಕ್ ಹಿಡ್ಕೊಂಡು ಕೂಗ್ದೆ, "ಅಯ್ಯೋ ಮಹಾರಾಯ್ರೇ, ಹರಿಗೋಲು ಟೈಮ್ ನೋಡುತ್ತೇನ್ರೋ? ಅದಕ್ಕೆ ಬೇಕಾಗಿರೋದು ನಾಲ್ಕು ತಿಂಗಳ ಅನ್ನ!" ಅಂತ. ಆಮೇಲೆ ಬಾಗಿಲ ಹತ್ರ ಒಂದು ನಗು. ನೋಡಿದ್ರೆ ಮೇಷ್ಟ್ರು. ಹೊಟ್ಟೆ ಹಿಡ್ಕೊಂಡು ನಗ್ತಿದಾರೆ, ಕಣ್ಣಲ್ಲಿ ನೀರು. ಹೆಂಡ್ತಿ ಹೋದ ಮೇಲೆ ಆ ಮನುಷ್ಯ ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ಅವರು ನಕ್ಕಿದ್ದೇ, ಜನ ಜೇಬಿಗೆ ಕೈ ಹಾಕಿದ್ರು.

ಮುಯ್ಯಿಗೆ ಸಾಲು ನಿಂತ್ರು. ಒಬ್ಬೊಬ್ಬರ ಹೆಸರೂ ಒಂದೇ ಸಲ ಮೈಕಲ್ಲಿ ಕೂಗ್ದೆ, ಅಷ್ಟಕ್ಕೇ ಮುಗೀತು. ಮೂಲೇನೂ ಇಲ್ಲ ಸೇವಾರ್ಥಾನೂ ಇಲ್ಲ. ಸದಾನಂದನೂ ಬಂದು ಹಾಕ್ದ, "ಹೆಸರು ಸ್ವಲ್ಪ ಗಟ್ಟಿಯಾಗಿ ಕೂಗು ಮಾರಾಯ" ಅಂತ ಕಿವೀಲಿ ಹೇಳ್ದ, ಗಟ್ಟಿಯಾಗೇ ಕೂಗ್ದೆ. ಬಿಳಿ ಪೆಟ್ಟಿಗೆ ಮ್ಯಾನೇಜರೂ ಬಂದ, ಕೋಟು ಹಾಕ್ಕೊಂಡು, ದೊಡ್ಡ ಚೆಕ್ ಹಿಡ್ಕೊಂಡು. ಎಷ್ಟಿತ್ತು ಅಂತ ಹೇಳಲ್ಲ, ಹೇಳಿದ್ರೆ ಈ ಕಾಲಕ್ಕೂ ನಿಮಗೆ ತಲೆ ತಿರುಗುತ್ತೆ. ಮೇಷ್ಟ್ರ ಕೈಗೆ ಕೊಟ್ಟು, "ಸಾರ್, ಹರಿಗೋಲನ್ನ ನಮಗೆ ಕೊಟ್ಟುಬಿಡಿ, ಇನ್ಮೇಲೆ ಒಳಗೆ ಯಾರೂ ಬರದ ಹಾಗೆ ಬಾಗಿಲು ಹಾಕೋಣ, ನಿಮಗೆ ಕೂತು ತಿನ್ನೋಷ್ಟು" ಅಂದ. ಆರು ವರ್ಷ ಮಿಕ್ಸಿ ಬಿಚ್ಚಿದ ಮನುಷ್ಯ ತಗೊಂಡ್ರೆ ಯಾರು ತಪ್ಪು ಅಂತಾರೆ? ಮೇಷ್ಟ್ರು ಆ ಚೆಕ್ಕನ್ನ ನಾಲ್ಕಾಗಿ ಮಡಿಸಿ ಅವನ ಕೋಟಿನ ಜೇಬಿಗೇ ಇಟ್ರು. "ಮುಯ್ಯಿಗೆ ಷರತ್ತು ಇರಲ್ಲಪ್ಪ. ಎಲೆ ಹಾಕಿದಾರೆ, ಊಟ ಮಾಡ್ಕೊಂಡು ಹೋಗು." ಅವನು ಊಟ ಮಾಡ್ದ. ಎರಡು ಸಲ ಪಾಯಸ ಹಾಕಿಸ್ಕೊಂಡ.

ಕೊನೇಲಿ ಬಂದೋಳು ತಬಸ್ಸುಮ್. ಬಸ್ ಸ್ಟ್ಯಾಂಡಲ್ಲಿ ಫೋನ್ ರಿಪೇರಿ ಮಾಡೋ ಹೆಂಗಸು, ಯಾರ ಜೊತೇನೂ ಹೆಚ್ಚು ಮಾತಿಲ್ಲ. ಮುಯ್ಯಿ ತಟ್ಟೇಲಿ ಒಂದು ಪೆನ್ ಡ್ರೈವ್ ಇಟ್ಲು. "ಬೈಬೇಡಿ ಮೇಷ್ಟ್ರೇ. ಹರಿಗೋಲಿನ ಒಳಗೆ ಹೋಗಿ ನೋಡಬಹುದು ಅಂತ ಬರ್ದಿದ್ರಲ್ಲ, ಹೋಗಿ ನೋಡ್ದೆ. ಎರಡು ಕಡೆ ತೂತು ಬಿದ್ದಿತ್ತು, ಮುಚ್ಚಿದೀನಿ. ಹೊಸ ರೂಪದ್ದೂ ಸ್ವಲ್ಪ ಬರ್ದಿದೀನಿ. ಮೂರು ವರ್ಷ ಆಯ್ತು. ನಿಮಗೆ ತೋರ್ಸೋಕೆ ಭಯ." ಮೇಷ್ಟ್ರು ಪಾಯಸದ ಎಲೆ ಬಿಟ್ಟು ಎದ್ರು. ವನಮಾಲನ ಲ್ಯಾಪ್‌ಟಾಪ್ ತೆಗೆಸಿ ಅಲ್ಲೇ ಮಂಟಪದ ಮೇಲೆ ಕೂತು ಓದಿದ್ರು. ಒಂದು ಗಂಟೆ ಓದಿದ್ರು. ಆಮೇಲೆ, "ಇದನ್ನ ನಾನು ಬರ್ದಿದ್ರೆ ಇಷ್ಟು ಚೆನ್ನಾಗಿ ಬರೀತಿರಲಿಲ್ಲಮ್ಮ," ಅಂದ್ರು. ಆ ಹೆಂಗಸು ಸೆರಗಲ್ಲಿ ಮುಖ ಮುಚ್ಕೊಂಡ್ಲು.

ಮಾರನೇ ದಿನದಿಂದ ಕೆಲಸ. ಕಂಪ್ಯೂಟರಿನ ಟವೆಲ್ ತೆಗೆದ್ರು. ಮೇಷ್ಟ್ರು, ತಬಸ್ಸುಮ್ ಇಬ್ಬರಿಗೂ ಮುಯ್ಯಿ ದುಡ್ಡಲ್ಲಿ ತಿಂಗಳ ಸಂಬಳ. ಊಟಕ್ಕೆ ಕೂತಾಗ ಮೇಷ್ಟ್ರಿಗೆ ಫೋನ್ ಮಾಡಬಾರದು ಅಂತ ಊರಿಗೇ ವನಮಾಲ ಕಟ್ಟಪ್ಪಣೆ ಮಾಡಿದ್ಲು. ಬಾಗಿಲು ತೆರೆದೇ ಇತ್ತಲ್ಲ, ಎಲ್ಲೆಲ್ಲಿಂದಲೋ ಗುರುತು ಪರಿಚಯ ಇಲ್ಲದೋರು ತಾವು ಬರ್ದ ಒಂದೊಂದು ತುಂಡು ಕಳಿಸಿದ್ರು, ಹರಿಗೋಲಿಗೆ ಬಿದಿರಿನ ದಬ್ಬೆ ಕೊಟ್ಟ ಹಾಗೆ. ಅವರ ಊರುಗಳಲ್ಲಿ ವಿಡಿಯೋ ಒಳಗಿರೋರು ತಿರುಗೋದೇ ಇಲ್ವಂತೆ! "ಹಾಗಾದ್ರೆ ನಿಮಗ್ಯಾಕಪ್ಪಾ ಇದು?" ಅಂತ ಕೇಳಿದ್ದಕ್ಕೆ ಒಬ್ಬ "ಒಳ್ಳೇ ಹರಿಗೋಲು, ಮುಳುಗೋದು ಬೇಡ ಅಂತ" ಅಂತ ಬರ್ದಿದ್ದ. ಎಂಥ ಜನ ಇರ್ತಾರೆ ನೋಡಿ.

ಕಾರ್ತಿಕದ ಎರಡನೇ ಸೋಮವಾರ. ಅವತ್ತು ಮಧ್ಯಾಹ್ನ ಹನ್ನೆರಡೂ ಕಾಲಿಗೆ ಸಿದ್ದಮ್ಮನ ವಿಡಿಯೋಗೆ ಏಳು ವರ್ಷ. ಹರಿಗೋಲು ತಯಾರಾಗಿದ್ದು ಅವತ್ತೇ ಹನ್ನೊಂದೂವರೆಗೆ. ಛತ್ರದಲ್ಲಿ ನಾನೇ ಬಿಳಿ ಪಂಚೆ ಕಟ್ಟಿ ಪರದೆ ಮಾಡ್ದೆ. ಊರೆಲ್ಲ ಬಂದು ಕೂತಿತ್ತು. ಆ ಮೂವತ್ತೊಂದು ಗಡಿಯಾರಾನೂ ಕೆಂಪಣ್ಣ ಗೋಡೆಗೆ ಹೊಡೆಸಿದ್ದ, ಒಂದೊಂದು ಒಂದೊಂದು ಟೈಮ್ ತೋರಿಸ್ತಿತ್ತು, ನವಿಲಿನ ಪ್ರಕಾರ ಆಗಲೇ ಹನ್ನೆರಡು, ಹಡಗಿನ ಪ್ರಕಾರ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇದೆ. ಪರದೆ ಮೇಲೆ ಸಿದ್ದಮ್ಮನ ಬೆನ್ನು. ಓಲೆನೂ ಕಾಣ್ತಿರಲಿಲ್ಲ ಈಗ.

ಮೇಷ್ಟ್ರು ಒತ್ತಿದ್ರು. ಹರಿಗೋಲು ಹೊರಡ್ತು, ದಾಟ್ತು, ಒಂದು ಚೂರೂ ಉಗೀಲಿಲ್ಲ. ಟಿಣ್ ಅಂತ ಗಂಟೆ ಹೊಡೀತು. ಜನ ಚಪ್ಪಾಳೆಗೆ ಕೈ ಎತ್ತಿದ್ರು.

ಸಿದ್ದಮ್ಮ ತಿರುಗಲಿಲ್ಲ.

ಗಂಟೆಯನ್ನ ಮಾತ್ರ ಇನ್ನೊಂದು ಸಲ ಹೊಡೆಸಿದ್ರು. ಟಿಣ್. ಬೆನ್ನು ಹಾಗೇ. ಹಿಂದಿನ ಸಾಲಲ್ಲಿ ಯಾರೋ "ಪೆಟ್ಟಿಗೆಯವರಿಗೇ ಕೊಟ್ಟಿದ್ರೆ ಆಗ್ತಿತ್ತು" ಅಂದ್ರು. ಮೇಷ್ಟ್ರ ಮುಖ ಮತ್ತೆ ಆ ಟವೆಲ್ ಹೊದಿಸಿದ ದಿನದ ಹಾಗೆ ಆಯ್ತು. "ಕ್ಷಮಿಸಮ್ಮ," ಅಂದ್ರು. ಪರದೆ ಮೇಲೆ ಸಿದ್ದಮ್ಮನ ಭುಜ ಸ್ವಲ್ಪ ಮೇಲಕ್ಕೆ ಬಂತು. ಎದ್ದು ಹೋಗೋಕೆ ಮುಂಚೆ ಹೆಂಗಸರು ಸೀರೆ ಸರಿ ಮಾಡ್ಕೊಳ್ತಾರಲ್ಲ, ಹಾಗೆ.

ವನಮಾಲ ಆ ಬೆನ್ನನ್ನೇ ನೋಡ್ತಾ ಕೂತಿದ್ಲು. ಇದ್ದಕ್ಕಿದ್ದ ಹಾಗೆ ಎದ್ದು ನಿಂತ್ಲು. "ಗಂಟೆ!" ಅಂದ್ಲು. "ಮೇಷ್ಟ್ರೇ, ಗಂಟೆ! ನಮ್ಮಮ್ಮಂಗೆ ಗಂಟೆ ಕೇಳಿಸಲ್ಲ!"

ಇಡೀ ಛತ್ರ ಹಣೆ ಚಚ್ಚಿಕೊಳ್ತು. ಇಪ್ಪತ್ತು ವರ್ಷದಿಂದ ಹರಿಗೋಲು ಗಂಟೆ ಹೊಡೆದೇ ಎಲ್ಲರನ್ನೂ ಕರೆದಿದ್ದು, ಕಿವಿ ಕೇಳದೋರನ್ನ ಯಾರೂ ಯಾವತ್ತೂ ದಾಟಿಸಿರಲೇ ಇಲ್ಲ. "ಬೆಳಕು ಮಿಟುಕಿಸಬೇಕು, ಎರಡು ಸಲ," ಅಂತ ವನಮಾಲ ಕೈಯಲ್ಲೇ ಸ್ವಿಚ್ ಒತ್ತಿ ತೋರಿಸ್ತಿದ್ಲು. ತಬಸ್ಸುಮ್ ಆಗಲೇ ಲ್ಯಾಪ್‌ಟಾಪ್ ಎಳ್ಕೊಂಡಿದ್ಲು. ಒಳಗೆ ಹೋಗಬಹುದಿತ್ತು ಕಣ್ರೋ! ಅದೇ ನಾನು ಹೇಳ್ತಿರೋದು. ಬಿಳಿ ಪೆಟ್ಟಿಗೆ ಆಗಿದ್ರೆ ದೊಡ್ಡ ಊರಿಗೆ ಅರ್ಜಿ ಬರ್ದು ಕೂರಬೇಕಿತ್ತು. ಇಲ್ಲಿ ಮೇಷ್ಟ್ರು "ಮುನ್ನೂರನೇ ಸಾಲು ನೋಡು, ಗಂಟೆ ಅಲ್ಲಿದೆ" ಅಂತಿದಾರೆ, ತಬಸ್ಸುಮ್ ಬೆರಳು ಓಡ್ತಿದೆ, ನವಿಲು ಹನ್ನೆರಡೂ ಕಾಲು ದಾಟಿಬಿಡ್ತು, ಹೃದಯವೂ ದಾಟ್ತು, ಯಾವುದನ್ನ ನಂಬೋದೋ ಗೊತ್ತಿಲ್ಲ, ಸಿದ್ದಮ್ಮ ಮೆಷಿನ್ ಮೇಲೆ ಕೈಯೂರಿ ಕುರ್ಚಿಯಿಂದ ಅರ್ಧ ಎದ್ದಿದಾಳೆ.

ತಬಸ್ಸುಮ್ ಒತ್ತಿದ್ಲು. ಪರದೆ ಕಪ್ಪಾಗಿ ಬೆಳಗ್ತು. ಇನ್ನೊಂದು ಸಲ ಕಪ್ಪಾಗಿ ಬೆಳಗ್ತು. ಟಕ್, ಟಕ್.

ಸಿದ್ದಮ್ಮ ತಲೆ ಎತ್ತಿದ್ಲು. ತಿರುಗಿದ್ಲು. "ಏನೇ ಅದು, ಕೆಲಸ ಬಿಡಿಸ್ತೀಯ" ಅನ್ನೋ ಹಾಗೆ ಹುಬ್ಬು ಗಂಟು ಹಾಕಿ ಮಗಳನ್ನ ನೋಡಿದ್ಲು. ಆಮೇಲೆ ಕೂತ್ಲು, ಬಲಗೈ ಎತ್ತಿದ್ಲು, ಶುರು ಮಾಡಿದ್ಲು. ಬೆರಳಿನ ಉಗುರಲ್ಲಿ ಸಿಕ್ಕಿದ್ದ ಕೆಂಪು ದಾರ ಕೂಡ ಕಾಣ್ತಿತ್ತು. ಛತ್ರದಲ್ಲಿ ಎದ್ದ ಕೂಗು ಇದೆಯಲ್ಲ, ನಾನು ಟಾಕೀಸಲ್ಲಿ ಅಷ್ಟು ವರ್ಷ ಇದ್ದೆ, ಯಾವ ಹೀರೋಗೂ ಅಂಥ ಕೂಗು ಬಿದ್ದಿರಲಿಲ್ಲ.

ವನಮಾಲ ಪರದೆ ಪಕ್ಕ ನಿಂತು ನನ್ನ ಮೈಕ್ ಕಿತ್ಕೊಂಡು ಒಂದೊಂದು ಹೆಸರನ್ನೂ ಕೂಗಿದ್ಲು. ಕೆನ್ನೆ ಉಬ್ಬಿಸಿ ಎರಡು ಬೆರಳಲ್ಲಿ ಚುಚ್ಚಿದ್ರೆ ಅದು ಬೇಕರಿ ಸದಾನಂದ. ಕಣ್ಣು ಮುಚ್ಚಿ ತಲೆ ವಾಲಿಸಿದ್ರೆ ಶಿವನಂಜ, ಸೋಮಾರಿ. ಜನ ನಕ್ಕು ನಕ್ಕು ಬಿದ್ರು. ಮೂಲೆ ಬೇಕು ಮೂಲೆ ಬೇಕು ಅಂತ ಕುಣಿದೋರಿಗೆಲ್ಲ ಪರದೆ ತುಂಬ ಹೆಸರು ಬಂತು. ನಂದೂ ಬಂತು. ಐದು ಬೆರಳನ್ನ ಕೋಳಿ ಕೊಕ್ಕಿನ ಥರ ಮಾಡಿ, ತೆಗೆದು ಮುಚ್ಚಿ, ತೆಗೆದು ಮುಚ್ಚಿ, ನಿಲ್ಲಿಸ್ಲೇ ಇಲ್ಲ ಆ ಹೆಂಗಸು. ಆಯ್ತು, ಒಪ್ಕೊಂಡೆ.

ಹದಿನಾಲ್ಕನೇ ನಿಮಿಷಕ್ಕೆ ಸಿದ್ದಮ್ಮ ಎರಡೂ ಕೈಯಲ್ಲಿ ಹುಟ್ಟು ಹಾಕಿದ್ಲು, ಹೊಳೆ ದಾಟಿಸೋರ ಹಾಗೆ. ಆಮೇಲೆ ಆ ಎರಡೂ ಅಂಗೈ ತಗೊಂಡು ಮೆಲ್ಲಗೆ ಕಣ್ಣಿಗೊತ್ತಿಕೊಂಡ್ಲು. ವನಮಾಲ ಮೈಕ್ ಕೆಳಗಿಳಿಸಿದ್ಲು. ಹೇಳೋದು ಬೇಕಾಗೂ ಇರಲಿಲ್ಲ. ಮೇಷ್ಟ್ರು ಎದ್ದು ನಿಂತು, ಯಾರೂ ಹೇಳ್ಕೊಡದೇನೇ, ಗಾಳೀಲಿ ಎರಡು ಸಲ ಹುಟ್ಟು ಹಾಕಿ ತಮ್ಮ ಕಣ್ಣಿಗೂ ಒತ್ತಿಕೊಂಡ್ರು. ಹಿಂದೆ ತಿರುಗಿ ನೋಡಿದ್ರೆ ಛತ್ರ ತುಂಬ ಜನ, ಸೀರೆಯೋರು, ಪಂಚೆಯೋರು, ಎಲ್ಲರೂ ಹುಟ್ಟು ಹಾಕ್ತಿದಾರೆ, ಎಲ್ಲರೂ ಕಣ್ಣಿಗೊತ್ಕೊಳ್ತಿದಾರೆ. ಇಬ್ಬರು ಆಡ್ತಿದ್ದ ಭಾಷೇಲಿ ಅವತ್ತು ಇಡೀ ಊರಿಗೆ ಒಂದು ಮಾತು ಬಂತು.

ಈಗಲೂ ನಮ್ಮೂರಲ್ಲಿ ಯಾರಿಗಾದ್ರೂ ಥ್ಯಾಂಕ್ಸ್ ಹೇಳಬೇಕಾದ್ರೆ ಹಾಗೇ ಮಾಡ್ತಾರೆ. ಎಲ್ಲಿಂದ ಬಂತು ಅಂತ ನಿಮ್ಮ ಮಕ್ಕಳಿಗೆ ಗೊತ್ತಿಲ್ಲ, ಅದಕ್ಕೇ ಇಷ್ಟೊತ್ತು ಗಂಟಲು ಹರ್ಕೊಂಡಿದ್ದು. ಬಿಳಿ ಪೆಟ್ಟಿಗೆಯವರು ಮಾಡಿದ್ದಂತೆ, ಥೂ! ಹರಿಗೋಲಿಗೆ ಪ್ರತಿ ಆಷಾಢದಲ್ಲಿ ಇವತ್ತಿಗೂ ಮುಯ್ಯಿ ನಡೀತಿದೆ, ತಬಸ್ಸುಮ್ ಈಗ ಬಾಗಿಲಲ್ಲಿ ನಿಂತು ಪನ್ನೀರು ಹಾಕ್ತಾಳೆ, ಬೇಕಾದ್ರೆ ಬಂದು ನೋಡಿ. ಗಡಿಯಾರ ಮಾತ್ರ ತರಬೇಡಿ.

ಇನ್ನೊಂದು ಮಾತು, ಗುಲಾಬಿ ಹೂವಿನೋನೇ, ನಿಂಗೇ ಹೇಳ್ತಿರೋದು. ಈ ನೋಟುಗಳನ್ನ ಬರೀ ಫಾರ್ವರ್ಡ್ ಮಾಡಿ ಕೈ ತೊಳ್ಕೊಬೇಡ. ಕಾಪಿ ಒಳಗಿರೋರೂ ತಿರುಗ್ತಾರೆ ಅಂತ ಮೊದಲೇ ಹೇಳಿದೀನಿ. ನಿನ್ನ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಿನ್ನ ಬಾಯಲ್ಲಿ, ನಿಂಗೆ ಬಂದ ಹಾಗೆ ಹೇಳು. ನಾನು ಬಿಟ್ಟಿದ್ದನ್ನ ಸೇರಿಸು, ತೂತು ಕಂಡ್ರೆ ಮುಚ್ಚು, ಒಳಗೆ ಬರೋಕೆ ಯಾರ ಅಪ್ಪಣೆಯೂ ಬೇಡ. ಏಳು ವರ್ಷಕ್ಕೆ ಒಂದು ಸಲವಾದ್ರೂ ಯಾರಾದ್ರೂ ಒಬ್ಬರು ಹೀಗೆ ದಾಟಿಸಿದ್ರೆ ಸಾಕು, ಸಿದ್ದಮ್ಮ ಈ ಕಡೆ ನೋಡ್ತಾನೇ ಇರ್ತಾಳೆ.